ಕೊನೆಯ ಮೆಟ್ಟಿಲಿನ ಒಂದು ಇಂಚು

ಎಲ್ಲರಿಗೂ ನಮಸ್ಕಾರ. ಈ ಮಳೆಯಲ್ಲೂ ವಿರಾಜಪೇಟೆ, ಸೋಮವಾರಪೇಟೆ ಕಡೆಯಿಂದ ಮಡಿಕೇರಿಗೆ ಬಂದಿದ್ದೀರಿ. ಮೇಸ್ತ್ರಿಗಳಿದ್ದೀರಿ, ಮನೆ ಕಟ್ಟಿಸುತ್ತಿರುವವರೂ ಇದ್ದೀರಿ. ನಮ್ಮದು ಗುಡ್ಡದ ಊರು. ಗೇಟಿನಿಂದ ಬಾಗಿಲಿಗೆ ಬರುವಷ್ಟರಲ್ಲೇ ಹತ್ತು ಮೆಟ್ಟಿಲು ಹತ್ತಿರುತ್ತೇವೆ, ಅಲ್ವಾ?

ನನ್ನ ಅವ್ವನ ವಿಷಯ ಹೇಳಿಬಿಡುತ್ತೇನೆ. ತಮ್ಮನ ಹೊಸ ಮನೆಯ ಗೃಹಪ್ರವೇಶವಾಗಿ ಮೂರು ತಿಂಗಳಾಗಿತ್ತು. ಕಕ್ಕಡ ತಿಂಗಳ ಮಳೆ. ಬಟ್ಟೆ ಒಣಗಿಸಲು ಇದ್ದದ್ದು ಮಹಡಿಯ ಕೋಣೆ ಒಂದೇ. ಅವ್ವ ಒಗೆದ ಬಟ್ಟೆಯ ಬಕೆಟ್ ಹಿಡಿದು ಹತ್ತುತ್ತಿದ್ದರು. ಎಲ್ಲ ಮೆಟ್ಟಿಲೂ ಸರಿಯಾಗೇ ಹತ್ತಿದ್ದಾರೆ. ಕೊನೆಯದಕ್ಕೆ ಹೆಬ್ಬೆರಳು ತಗುಲಿ ಮುಂದಕ್ಕೆ ಬಿದ್ದರು. ಮಣಿಕಟ್ಟು ಮುರಿಯಿತು. ನಾನು ಹೋದಾಗ ಪ್ಲಾಸ್ಟರ್ ಹಾಕಿಸಿಕೊಂಡು ಕೂತಿದ್ದರು. “ನಾನೇ ನೋಡ್ಕೊಂಡು ಹತ್ಬೇಕಿತ್ತು” ಅಂದರು.

ನಾನು ಟೇಪ್ ತೆಗೆದೆ. ಕೆಳಗಿನ ಮೆಟ್ಟಿಲು ಐದು ಇಂಚು. ಆಮೇಲಿನ ಹದಿನೆಂಟೂ ಆರಾರು ಇಂಚು. ಕೊನೆಯದು ಏಳು.

ಮೇಸ್ತ್ರಿಗಳಿಗೆ ಈಗಲೇ ಗೊತ್ತಾಗಿರಬೇಕು. ಹತ್ತಡಿ ಎತ್ತರಕ್ಕೆ 20 ರೈಸರ್, ಅಂದರೆ 20 ಮೆಟ್ಟಿಲಿನ ಎತ್ತರ, ಒಂದೊಂದು ಆರು ಇಂಚು. ಕಾಂಕ್ರೀಟಿಗೆ ಹಲಗೆ ಹೊಡೆಯುವ ಸೆಂಟ್ರಿಂಗ್ ಹೊತ್ತಿನಲ್ಲಿ ಗುರುತು ಸರಿಯಾಗೇ ಹಾಕಿದ್ದರು. ಆಮೇಲೆ ಕೆಳಗೂ ಮೇಲೂ ನೆಲಕ್ಕೆ ಗಾರೆ, ಟೈಲ್ಸ್ ಸೇರಿ ಎರಡು ಇಂಚು ಏರಿತು. ಮೆಟ್ಟಿಲಿಗೆ ಗಾರೆ, ಗ್ರಾನೈಟ್ ಸೇರಿ ಏರಿದ್ದು ಒಂದೇ ಇಂಚು. ಕೆಳಗೆ ಒಂದು ಇಂಚು ಕಮ್ಮಿಯಾಯಿತು, ಮೇಲೆ ಒಂದು ಇಂಚು ಜಾಸ್ತಿಯಾಯಿತು.

ಕಾಲು ಪ್ರತಿ ಮೆಟ್ಟಿಲನ್ನೂ ನೋಡಿ ಹತ್ತುವುದಿಲ್ಲ. ಎರಡು ಮೂರು ಹತ್ತುವಷ್ಟರಲ್ಲಿ ಅಳತೆ ಕಲಿತುಬಿಡುತ್ತದೆ. ಆಮೇಲೆ ಬೇಕಾದಷ್ಟೇ ಎತ್ತುತ್ತದೆ. ಅವ್ವನ ಕಾಲು ಆರು ಇಂಚಿನ ಲೆಕ್ಕದಲ್ಲೇ ಎದ್ದಿತ್ತು. ತಪ್ಪು ಮೆಟ್ಟಿಲಿನದು, ಅವ್ವನದಲ್ಲ. ಬಿದ್ದವರೆಲ್ಲ ತಮ್ಮನ್ನೇ ಬೈದುಕೊಳ್ಳುತ್ತಾರೆ. ಅದನ್ನು ಕೇಳಿದಾಗ ಹೊಟ್ಟೆ ಉರಿಯುತ್ತದೆ ನನಗೆ.

ಈ ಲೆಕ್ಕ ಹೊಸದೇನಲ್ಲ. ಫ್ರಾನ್ಸಿನ ವಾಸ್ತುಶಿಲ್ಪಿ ಬ್ಲೋಂಡೆಲ್ 17ನೇ ಶತಮಾನದಲ್ಲೇ ಸೂತ್ರ ಕೊಟ್ಟಿದ್ದರು. ಎರಡು ರೈಸರ್, ಒಂದು ಟ್ರೆಡ್, ಅಂದರೆ ಕಾಲಿಡುವ ಅಗಲ, ಕೂಡಿಸಿದರೆ ಒಂದು ಹೆಜ್ಜೆ, ಸುಮಾರು ಎರಡಡಿ. ಆರು, ಆರು, ಹನ್ನೆರಡು, ಒಟ್ಟು 24 ಇಂಚು. ನಮ್ಮ ನ್ಯಾಷನಲ್ ಬಿಲ್ಡಿಂಗ್ ಕೋಡ್ ಪ್ರಕಾರ ಮನೆಯಲ್ಲಿ ರೈಸರ್ 190 ಮಿಲಿಮೀಟರ್ ದಾಟಬಾರದು, ಟ್ರೆಡ್ 250ಕ್ಕಿಂತ ಕಮ್ಮಿಯಾಗಬಾರದು. ಜಾಗ ಸಾಲದು ಅಂತ ಟ್ರೆಡ್ಡನ್ನು ಎಂಟು ಇಂಚಿಗೆ ಇಳಿಸಿದರೆ ಇಳಿಯುವಾಗ ಪಾದದ ತುದಿ ಗಾಳಿಯಲ್ಲಿರುತ್ತದೆ. ಈ ಮಿತಿಯೊಳಗೆ ಅಳತೆ ಎಷ್ಟೇ ಇಡಿ, ಎಲ್ಲವೂ ಒಂದೇ ಇರಲಿ. ಮತ್ತೆ ಅದನ್ನೇ ಹೇಳುತ್ತಿದ್ದೇನೆ, ಇನ್ನೂ ಹೇಳುತ್ತೇನೆ.

ಪಾಲಿಶ್ ಗ್ರಾನೈಟ್ ಬಗ್ಗೆ ಒಂದು ಮಾತು. ಹಳೆಯ ಐನ್‌ಮನೆಗಳ, ಅಂದರೆ ಕೊಡವ ಕುಟುಂಬಗಳ ಮೂಲಮನೆಗಳ ಮುಂದಿನ ಕಲ್ಲುಮೆಟ್ಟಿಲಿನ ಮೇಲೆ ಕೈಯಾಡಿಸಿ. ಉಳಿಯ ಗುರುತು ಬೆರಳಿಗೆ ಸಿಗುತ್ತದೆ. ಒದ್ದೆ ಕಾಲು ಅದರ ಮೇಲೆ ನಿಲ್ಲುತ್ತದೆ. ಅದೇ ಅಂಗಳಕ್ಕೆ ನಾವು ಈಗ ಕನ್ನಡಿಯಂಥ ಕಲ್ಲು ಹಾಕಿಸಿ, ಜೂನ್ ಬಂದಾಗ ಗೋಣಿಚೀಲ ಹಾಸುತ್ತೇವೆ. ಹೊರಗಡೆ ಫ್ಲೇಮ್ಡ್, ಅಂದರೆ ಬೆಂಕಿಯಿಂದ ಮೇಲ್ಮೈ ಒರಟು ಮಾಡಿದ ಕಲ್ಲೇ ಹಾಕಿ. ನೀರು ನಿಲ್ಲದ ಹಾಗೆ ಮುಂದಕ್ಕೆ ಸ್ವಲ್ಪ ಇಳಿಜಾರು ಕೊಡಿ. ಪಾಚಿ ಕಟ್ಟುವುದೂ ಕಮ್ಮಿಯಾಗುತ್ತದೆ.

ಚೀಟಿ ಬಂತು, ಐದು ನಿಮಿಷ ಅಂತೆ. ರೇಲಿಂಗ್ ಬಗ್ಗೆ ತುಂಬಾ ಹೇಳಬೇಕಿತ್ತು. ಮುಷ್ಟಿಗೆ ಸಿಗುವಷ್ಟು ದಪ್ಪ ಇರಲಿ, ಅಷ್ಟು ಸಾಕು. ಲೈಟಿನ ಸ್ವಿಚ್ ಕೆಳಗೂ ಮೇಲೂ ಇರಲಿ. ಮೆಟ್ಟಿಲ ನಡುವಿನ ಲ್ಯಾಂಡಿಂಗ್ ವಿಷಯ ಬಿಡುತ್ತೇನೆ.

ಮೆಟ್ಟಿಲಿಗೆ ಇನ್ನೂ ಸೆಂಟ್ರಿಂಗ್ ಹೊಡೆಯದವರು ಯಾರಿದ್ದೀರಿ? ಕೈ ಎತ್ತಿ. ನೀವು ಮಾತ್ರ ಊಟಕ್ಕೆ ಓಡಬೇಡಿ. ಟೇಪ್ ತಂದಿದ್ದೇನೆ. ಈ ಸಭಾಂಗಣದ ಹೊರಗಿನ ಮೆಟ್ಟಿಲನ್ನೇ ಒಂದೊಂದಾಗಿ ಅಳೆಯೋಣ, ಬನ್ನಿ.