ಫೋನಿನ ಕೆಲಸ ಫೋನಿಗೆ, ಸರ್ವರ್ ಕೆಲಸ ಸರ್ವರ್‌ಗೆ

ಕೇಳುಗರಿಗೆ ನಮಸ್ಕಾರ. ಹೋಂಸ್ಟೇಗೆ, ಕಾಫಿ ಪುಡಿ ಮಾರಾಟಕ್ಕೆ ವೆಬ್‌ಸೈಟ್ ಮಾಡಿಸುವವರಿಗೂ ಮಾಡಿಕೊಡುವ ಹುಡುಗ ಹುಡುಗಿಯರಿಗೂ ನನ್ನ ಮಾತು ಒಂದೇ. ಬೆರಳಿಗೆ ಉತ್ತರ ಕೊಡುವುದು ಫೋನಿನ ಕೆಲಸ; ದೊಡ್ಡ ರಾಶಿ ಜಾಲಾಡುವುದು, ದುಡ್ಡಿನ ಲೆಕ್ಕ ಇಡುವುದು ಸರ್ವರ್, ಅಂದರೆ ಸೈಟಿನ ಮಾಹಿತಿ ಇಟ್ಟುಕೊಂಡು ಕೇಳಿದವರಿಗೆ ಕಳಿಸುವ ದೂರದ ಕಂಪ್ಯೂಟರಿನ ಕೆಲಸ.

ರೂಮು ಹುಡುಕುವ ಪುಟವನ್ನೇ ನೋಡಿ. ಜುಲೈ ಮಳೆ, ಸಿಗ್ನಲ್ ಒಂದೇ ಕಡ್ಡಿ. ಅತಿಥಿ ಇಂಗ್ಲಿಷ್ ಅಕ್ಷರದಲ್ಲಿ ಮಡಿಕೇರಿ ಅಂತ ಒತ್ತುತ್ತಾರೆ, ಎಂಟು ಅಕ್ಷರ. ಪ್ರತಿ ಅಕ್ಷರಕ್ಕೂ ಸರ್ವರ್‌ಗೆ ಓಡುವಂತೆ ಬರೆದಿದ್ದರೆ ಎಂಟು ಕೋರಿಕೆ. ಹೋದ ಸಾಲಿನಲ್ಲೇ ಅವು ವಾಪಸ್ ಬರುತ್ತವೆ ಅನ್ನುವ ಖಾತ್ರಿ ಇಲ್ಲ. ಎಂಟನೆಯದರ ಉತ್ತರ ಮೊದಲು ಬಂತು. ಎಂ, ಎ, ಡಿ ಅನ್ನುವ ಮೂರನೆಯದು ತಡವಾಗಿ ಬಂದು ಅದರ ಮೇಲೆ ಕೂತಿತು. ಮೇಲೆ ಪೆಟ್ಟಿಗೆಯಲ್ಲಿ ಮಡಿಕೇರಿ, ಕೆಳಗೆ ಮಾದಾಪುರದ ರೂಮುಗಳು! ಆಗ ಮಾಲೀಕರು ಸರ್ವರ್ ದೊಡ್ಡದು ಮಾಡಿಸಲು ದುಡ್ಡು ಸುರಿಯುತ್ತಾರೆ. ಬೇಡ ಮಾರಾಯ್ರೆ. ಬೆರಳು ನಿಂತು 300 ಮಿಲಿಸೆಕೆಂಡ್ ಆದ ಮೇಲೆ ಒಂದೇ ಕೋರಿಕೆ ಹೋಗಲಿ; ಹೊಸದು ಹೊರಟಾಗ ಹಳೆಯದು ರದ್ದಾಗಲಿ. ಅಷ್ಟೇ.

ಹಾಗಾದರೆ ಎಲ್ಲವನ್ನೂ ಫೋನಿಗೇ ಕಳಿಸಿಬಿಡೋಣವೇ? 250 ರೂಮು, ಒಂದೊಂದಕ್ಕೆ 200 ಬೈಟ್ ಬರಹ ಅಂದರೆ 50 ಕಿಲೋಬೈಟ್. ಧಾರಾಳವಾಗಿ ಕಳಿಸಿ, ಫೋನೇ ಸೋಸಲಿ. ಅದೇ 50,000 ರೂಮಾದರೆ 10 ಎಂಬಿ. ಆಗ ಸರ್ವರ್‌ನಲ್ಲೇ ಸೋಸಿ, ಇಪ್ಪತ್ತಿಪ್ಪತ್ತಾಗಿ ಕೊಡಿ. ಇಲ್ಲೇ ಹಲವರು ಎಡವುವುದು: ಇಪ್ಪತ್ತು ಮಾತ್ರ ತರಿಸಿಕೊಂಡು 'ಕಡಿಮೆ ಬೆಲೆ ಮೊದಲು' ಅನ್ನುವುದನ್ನು ಫೋನಿನಲ್ಲಿ ಮಾಡಿಸುತ್ತಾರೆ. ನಿಜಕ್ಕೂ ಅಗ್ಗದ ರೂಮು ಮೂರನೇ ಪುಟದಲ್ಲಿ ಕೂತಿರುತ್ತದೆ. ಪೂರ್ತಿ ರಾಶಿ ಯಾರ ಹತ್ತಿರ ಇದೆಯೋ ಅವರೇ ವಿಂಗಡಿಸಬೇಕು.

ಉಳಿದದ್ದು ಬೇಗ ಹೇಳುತ್ತೇನೆ. ಗುಂಡಿ ಒತ್ತಿದ 100 ಮಿಲಿಸೆಕೆಂಡಿನೊಳಗೆ ಏನಾದರೂ ಬದಲಾಗಬೇಕು, ಬಣ್ಣವಾದರೂ ಸರಿ. ಅದಕ್ಕಾಗಿ ಸರ್ವರ್ ಉತ್ತರಕ್ಕೆ ಕಾಯಬಾರದು. ಫೋನಿನಲ್ಲಿ ಒಂದೇ ಲೆಕ್ಕ 50 ಮಿಲಿಸೆಕೆಂಡ್ ದಾಟಿದರೆ ಪುಟ ಬೆರಳಿಗೆ ಉತ್ತರ ಕೊಡಲು ತಡವರಿಸುತ್ತದೆ, ಅಂಥದ್ದನ್ನು ವೆಬ್ ವರ್ಕರ್‌ಗೆ, ಅಂದರೆ ಪುಟವನ್ನು ತಡೆಯದೆ ಹಿನ್ನೆಲೆಯಲ್ಲಿ ಲೆಕ್ಕ ಮಾಡುವ ಬ್ರೌಸರಿನ ಸೌಲಭ್ಯಕ್ಕೆ, ದಾಟಿಸಿ. ಬಾಡಿಗೆ ಮೊತ್ತವನ್ನು ಫೋನ್ ತೋರಿಸಲಿ, ಆದರೆ ಸರ್ವರ್ ಮತ್ತೆ ಎಣಿಸಲೇಬೇಕು. ಬ್ರೌಸರ್‌ನಲ್ಲಿ 4,000 ಅನ್ನು 40 ಮಾಡುವುದು ಮಕ್ಕಳಾಟ. ಕೊನೆಯ ರೂಮು ಯಾರಿಗೆ ಸಿಕ್ಕಿತು ಅನ್ನುವ ತೀರ್ಮಾನವೂ ಸರ್ವರ್ ಕಡೆ ಬುಕಿಂಗ್ ದಾಖಲೆ ಇಡುವ ಡೇಟಾಬೇಸಿನದೇ.

ಆಫೀಸಿನ ವೈಫೈಯಲ್ಲಿ ಪರೀಕ್ಷೆ ಮಾಡಿ ಕೈ ತೊಳೆದುಕೊಳ್ಳಬೇಡಿ. ಕ್ರೋಮ್ ಬ್ರೌಸರ್‌ನಲ್ಲೇ ಇರುವ ಪರೀಕ್ಷೆಯ ಸಲಕರಣೆ ಡೆವಲಪರ್ ಟೂಲ್ಸ್ ತೆರೆದು ನೆಟ್‌ವರ್ಕನ್ನು ಸ್ಲೋ 4ಜಿ, ಸಿಪಿಯುವನ್ನು ನಾಲ್ಕು ಪಟ್ಟು ನಿಧಾನ ಮಾಡಿ, ಮಡಿಕೇರಿ ಅಂತ ಒಮ್ಮೆ ಒತ್ತಿ ನೋಡಿ. ನಮಸ್ಕಾರ.