ಒಂದೇ ಊರು, ಮೂರು ರಾತ್ರಿ

ಕೇಳುಗರಿಗೆ ನಮಸ್ಕಾರ.

ಪ್ರವಾಸ ಮನುಷ್ಯನ ಕಣ್ಣು ತೆರೆಸುವುದು ಹೇಗೆ ಎಂಬುದರ ಬಗ್ಗೆ ಹತ್ತು ನಿಮಿಷ ಮಾತಾಡಿ ಎಂದು ನಿಲಯದವರು ಕರೆದಿದ್ದಾರೆ. ನಾನು ಮೂವತ್ತನಾಲ್ಕು ವರ್ಷ ಹೈಸ್ಕೂಲಿನಲ್ಲಿ ಭೂಗೋಳ ಕಲಿಸಿದವನು. ಇದು ಡಿಸೆಂಬರ್. ನಮ್ಮ ಮಲೆನಾಡಿನ ಜಗಲಿಗಳಲ್ಲಿ ಮೆಟ್ಟುಗತ್ತಿಯ ಮುಂದೆ ಕೂತು, ಅಡಿಕೆ ಸುಲಿಯುತ್ತಾ, ರೇಡಿಯೋ ಹಾಕಿಕೊಂಡವರು ಎಷ್ಟೋ ಜನ ಇದ್ದೀರಿ. ಶಾಲಾ ಪ್ರವಾಸಕ್ಕೆ ಮಕ್ಕಳ ಹೆಸರು ಬರೆಸಿ ದುಡ್ಡು ಕಟ್ಟಿದ ತಾಯಂದಿರೂ ಇದ್ದೀರಿ. ನಿಮ್ಮೆಲ್ಲರಿಗೂ ನಾನು ಹೇಳುವುದು ಒಂದೇ ಮಾತು. ಒಂದೇ ಊರಿಗೆ ಹೋಗಿ. ಅಲ್ಲಿ ಮೂರು ರಾತ್ರಿ ಇರಿ.

ಶಾಲಾ ಪ್ರವಾಸದ ಪಟ್ಟಿಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಬೆಳಿಗ್ಗೆ ಐಹೊಳೆ, ಮಧ್ಯಾಹ್ನ ಪಟ್ಟದಕಲ್ಲು, ಸಂಜೆ ಬಾದಾಮಿ, ನಿದ್ದೆ ಬಸ್ಸಿನಲ್ಲೇ, ಬೆಳಗಾದರೆ ಗೋಳಗುಮ್ಮಟ. ಮಕ್ಕಳು ಓಡಿಕೊಂಡು ಮೆಟ್ಟಿಲು ಹತ್ತುತ್ತವೆ, ಕೂಗುತ್ತವೆ, ಪ್ರತಿಧ್ವನಿ ಕೇಳುತ್ತವೆ, ಇಳಿಯುತ್ತವೆ. 1656ರಲ್ಲಿ ಮುಗಿದ ಕಟ್ಟಡ ಅದು. ಅಷ್ಟು ದೊಡ್ಡ ಗುಮ್ಮಟದ ಕೆಳಗೆ ಒಂದು ಕಂಬವೂ ಇಲ್ಲ. ನೋಡಲೇಬೇಕು, ಇಲ್ಲ ಎನ್ನುವುದಿಲ್ಲ. ಆದರೆ ಮನೆಗೆ ಬಂದ ಮಗುವನ್ನು, ‘ಆ ಊರಿನವರು ಒಬ್ಬರ ಹತ್ತಿರವಾದರೂ ಮಾತಾಡಿದೆಯಾ?’ ಎಂದು ಕೇಳಿ ನೋಡಿ. ಇಲ್ಲ ಎನ್ನುತ್ತದೆ. ಇದನ್ನು ಕೇಳಿದಾಗೆಲ್ಲ ನನಗೆ ಹೊಟ್ಟೆ ಉರಿಯುತ್ತದೆ. ಅಷ್ಟು ದೂರ ಹೋಗಿ, ಮನುಷ್ಯರನ್ನು ನೋಡದೆ ಬಂದರೆ ಹೇಗೆ?

ನಾನು ಇದನ್ನು ಕಲಿತ ಬಗೆ ಹೇಳುತ್ತೇನೆ.

1983ರ ಮಾರ್ಚ್. ಶಿಕ್ಷಕರ ತರಬೇತಿಗೆಂದು ವಿಜಯಪುರಕ್ಕೆ ಹೋಗಿದ್ದೆ. ಆಗ ಬಿಜಾಪುರ ಎನ್ನುತ್ತಿದ್ದೆವು. ಗದಗಿನಿಂದ ಮುಂದಕ್ಕೆ ಮೀಟರ್ ಗೇಜ್ ರೈಲು. ಕಿಟಕಿಯ ಪಕ್ಕ ಕೂತಿದ್ದೆ. ನಮ್ಮ ಕೆಂಪು ಮಣ್ಣು ಹಿಂದೆ ಬಿದ್ದು, ಕಣ್ಣು ಹಾಯುವವರೆಗೂ ಕಪ್ಪು ಎರೆ ಭೂಮಿ. ಆಲಮಟ್ಟಿಯ ಹತ್ತಿರ ಕೃಷ್ಣಾ ನದಿ ದಾಟಿದೆವು. ಅದೇ ಎರೆ ಮಣ್ಣಿನ ಮೇಲೆ ನಾನು ಎಷ್ಟೋ ವರ್ಷ ಪಾಠ ಮಾಡಿದ್ದೆ. ‘ಕಪ್ಪು ಮಣ್ಣು ತೇವಾಂಶವನ್ನು ಹಿಡಿದಿಟ್ಟುಕೊಳ್ಳುತ್ತದೆ’, ಎರಡು ಅಂಕದ ಉತ್ತರ. ಆ ಮಣ್ಣನ್ನು ಕೈಯಲ್ಲಿ ಮುಟ್ಟಿರಲಿಲ್ಲ.

ತರಬೇತಿಯಲ್ಲಿ ಪಕ್ಕದಲ್ಲಿ ಕೂರುತ್ತಿದ್ದ ಮೇಷ್ಟ್ರು ಇಂಡಿ ತಾಲ್ಲೂಕಿನವರು. ತರಬೇತಿ ಮುಗಿದ ದಿನ ಒತ್ತಾಯ ಮಾಡಿ ಅವರ ಹಳ್ಳಿಗೆ ಕರೆದುಕೊಂಡು ಹೋದರು. ದಪ್ಪ ಮಣ್ಣಿನ ಗೋಡೆಯ ಮಾಳಿಗೆ ಮನೆ. ಬೆಳಿಗ್ಗೆ ಸ್ನಾನಕ್ಕೆ ಹೋದವನು ನಮ್ಮ ಮನೆಯಲ್ಲಿ ಹುಯ್ದುಕೊಂಡ ಹಾಗೇ ಹುಯ್ದುಕೊಂಡೆ. ಹಂಡೆ ಖಾಲಿ. ಹೊರಗೆ ಬಂದಾಗ ಅವರ ತಾಯಿ, ಎಪ್ಪತ್ತು ದಾಟಿದ ಮುದುಕಿ, ತಲೆಯ ಮೇಲೊಂದು ಕೊಡ, ಸೊಂಟದಲ್ಲೊಂದು ಕೊಡ ಹೊತ್ತು ಅಂಗಳಕ್ಕೆ ಕಾಲಿಡುತ್ತಿದ್ದರು. ಬಾವಿ ಎಲ್ಲಿದೆ ಎಂದು ಕೇಳಿದೆ. ಊರ ಹೊರಗೆ, ಹಳ್ಳದ ಆಚೆ.

ಅವರು ಬೈಯಲಿಲ್ಲ. ಕೊಡ ಇಳಿಸಿ, ಸೆರಗಿನಿಂದ ಮುಖ ಒರೆಸಿಕೊಂಡು, ನಿಜವಾಗಿಯೂ ತಿಳಿದುಕೊಳ್ಳುವ ಆಸೆಯಿಂದ ಕೇಳಿದರು: ‘ಮಾಸ್ತರ, ನಿಮ್ಮ ಊರಾಗ ನೀರು ಭಾಳ ಅದಾವೇನ್ರಿ?’

ನನಗೆ ಉತ್ಸಾಹ ಬಂತು. ಭೂಗೋಳದ ಮೇಷ್ಟ್ರಲ್ಲವೇ? ನಮ್ಮ ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್‌ಗಿಂತ ಹೆಚ್ಚು ಮಳೆ, ನಿಮ್ಮಲ್ಲಿ ಸುಮಾರು 600, ಅಂದರೆ ನಮಗೆ ಹತ್ತು ಪಟ್ಟಿಗೂ ಮೇಲೆ ಎಂದೆ. ಜೂನ್‌ನಲ್ಲಿ ಹಿಡಿದ ಮಳೆ ತಿಂಗಳುಗಟ್ಟಲೆ ಬಿಡುವುದಿಲ್ಲ, ಒಗೆದ ಬಟ್ಟೆಯನ್ನು ಒಲೆಯ ಮೇಲೆ ಒಣಗಿಸುತ್ತೇವೆ ಎಂದೆ. ಅವರು ಬಾಯಿ ಬಿಟ್ಟುಕೊಂಡು ಕೇಳಿದರು. ಎಲ್ಲ ಕೇಳಿಸಿಕೊಂಡು ಮತ್ತೊಂದು ಪ್ರಶ್ನೆ ಹಾಕಿದರು.

‘ಅಷ್ಟು ನೀರು ಎಲ್ಲಿ ಇಟ್ಕೋತೀರಿ?’

ಕೇಳುಗರೇ, ನನ್ನ ಹತ್ತಿರ ಉತ್ತರ ಇರಲಿಲ್ಲ. ಎಲ್ಲೂ ಇಟ್ಟುಕೊಳ್ಳುವುದಿಲ್ಲ. ಹರಿದು ಹೋಗುತ್ತದೆ. ಏಪ್ರಿಲ್ ಬಂತೆಂದರೆ ನಮ್ಮ ಮನೆಯ ಬಾವಿಯಲ್ಲೇ ತಳ ಕಾಣುತ್ತದೆ, ಕೊಡಪಾನ ಕೆಸರಿಗೆ ತಾಗುತ್ತದೆ. ಹುಟ್ಟಿದಾಗಿನಿಂದ ಅದನ್ನು ನೋಡಿದ್ದೇನೆ. ಒಂದು ದಿನವೂ ನನಗೆ ಆ ಪ್ರಶ್ನೆ ಹೊಳೆದಿರಲಿಲ್ಲ. ಮುನ್ನೂರು ಕಿಲೋಮೀಟರಿಗೂ ಹೆಚ್ಚು ಹೋಗಿ, ಶಾಲೆಯ ಮೆಟ್ಟಿಲು ಹತ್ತದ ಒಬ್ಬ ತಾಯಿಯ ಬಾಯಲ್ಲಿ ಅದನ್ನು ಕೇಳಬೇಕಾಯಿತು.

ಮರುದಿನ ಹೊರಡಬೇಕಿತ್ತು, ಹೊರಡಲಿಲ್ಲ. ಮೂರು ರಾತ್ರಿ ಉಳಿದೆ. ಮೇಷ್ಟ್ರು ಹೊಲಕ್ಕೆ ಕರೆದುಕೊಂಡು ಹೋದರು. ಜೋಳದ ಕೊಯ್ಲು ಮುಗಿದಿತ್ತು. ಕಾಲು ತೂರುವಷ್ಟು ಅಗಲ ಬಿರುಕು ಬಿಟ್ಟ ನೆಲ. ಹೊಲದ ತುಂಬ ಸಣ್ಣ ಸಣ್ಣ ಒಡ್ಡು, ಚದುರಂಗದ ಮನೆಗಳ ಹಾಗೆ. ಚೌಕು ಮಡಿ ಎನ್ನುತ್ತಾರೆ. ಬಿದ್ದ ಮಳೆ ಬಿದ್ದ ಮಡಿಯಲ್ಲೇ ಇಂಗಬೇಕು, ಆಚೆ ಹೋಗಬಾರದು. ಸೆಪ್ಟೆಂಬರಿನ ಮಳೆಯನ್ನು ಹೀಗೆ ನೆಲದೊಳಗೆ ಕೂಡಿಟ್ಟು, ಹಿಂಗಾರಿಯಲ್ಲಿ ಮಾಲ್ದಂಡಿ ಜೋಳ ಬಿತ್ತುತ್ತಾರೆ. ಆಮೇಲೆ ಮಳೆ ಬರಲಿ ಬಿಡಲಿ, ಮಣ್ಣಿನ ಹಸಿಯಲ್ಲೇ ಬೆಳೆ ನಿಲ್ಲುತ್ತದೆ. ಬಿರುಕು ಬಿಟ್ಟಲ್ಲಿ ಎಡೆ ಹೊಡೆದು, ಅಂದರೆ ಸಾಲುಗಳ ನಡುವೆ ಕುಂಟೆ ಎಳೆದು, ಮುಚ್ಚುತ್ತಾರೆ, ಹಸಿ ಆರಬಾರದು ಎಂದು. ನನ್ನ ಎರಡು ಅಂಕದ ಉತ್ತರದ ಹಿಂದೆ ಇಷ್ಟು ಜನರ ದುಡಿಮೆ ಇತ್ತು!

ಆ ಎರೆ ಮಣ್ಣಿನ ಒಂದು ಹೆಂಟೆಯನ್ನು ಟವೆಲ್ಲಿನಲ್ಲಿ ಕಟ್ಟಿಕೊಂಡು ಬಂದೆ. ನಿವೃತ್ತಿಯಾಗುವವರೆಗೆ ಪ್ರತಿ ವರ್ಷ ತರಗತಿಯಲ್ಲಿ ಆ ಮಣ್ಣಿಗೆ ನೀರು ಹಾಕಿ ಮಕ್ಕಳ ಕೈಯಲ್ಲೇ ಕಲಸಿಸಿದೆ. ಬೆರಳಿಗೆ ಹೇಗೆ ಅಂಟುತ್ತದೆ, ಕಿಟಕಿಯ ಬಿಸಿಲಿಗಿಟ್ಟರೆ ಎಷ್ಟು ದಿನಕ್ಕೆ ಬಿರಿಯುತ್ತದೆ, ಅವರೇ ನೋಡಿ ಬರೆದುಕೊಳ್ಳುತ್ತಿದ್ದರು. ಮನೆಯಲ್ಲಿ ತೋಟದ ಮೇಲಿನ ಗುಡ್ಡಕ್ಕೆ ಇಂಗುಗುಂಡಿ ತೋಡಿಸಿದೆ. ಅದೂ ಆ ತಾಯಿಯ ಪ್ರಶ್ನೆಯಿಂದಲೇ.

ಅದಕ್ಕೇ ಹೇಳುತ್ತಿರುವುದು. ಒಂದೇ ಊರು, ಮೂರು ರಾತ್ರಿ. ಮೊದಲ ದಿನ ನೀವು ಅತಿಥಿ, ಎಲ್ಲವೂ ಚೆಂದ. ಎರಡನೆಯ ದಿನ ನೀರು ಎಲ್ಲಿಂದ ಬರುತ್ತದೆ, ಯಾರು ತರುತ್ತಾರೆ ಎಂದು ಗೊತ್ತಾಗುತ್ತದೆ. ಮೂರನೆಯ ದಿನ ಅವರು ನಿಮ್ಮ ಊರಿನ ಬಗ್ಗೆ ಕೇಳಲು ಶುರು ಮಾಡುತ್ತಾರೆ. ದಯವಿಟ್ಟು ಆ ಮೂರನೆಯ ದಿನದ ಮೊದಲು ಬಸ್ಸು ಹತ್ತಬೇಡಿ.

ಸಮಯ ಕಡಿಮೆ ಇದೆ ಎಂದು ಗಾಜಿನಾಚೆಯಿಂದ ಕೈ ತೋರಿಸುತ್ತಿದ್ದಾರೆ. ಬೇಗ ಹೇಳುತ್ತೇನೆ. ವಿಜಯಪುರಕ್ಕೆ ಹೋದರೆ ಗೋಳಗುಮ್ಮಟದ ಜೊತೆ ತಾಜ್ ಬಾವಡಿಯನ್ನೂ ನೋಡಿ, ಆದಿಲ್‌ಶಾಹಿಗಳ ಕಾಲದ ಭಾರಿ ಬಾವಿ. ಕಡಿಮೆ ಮಳೆಯ ಊರಿನವರು ನೀರಿಗೆ ಎಂಥ ಮನೆ ಕಟ್ಟಿಕೊಟ್ಟಿದ್ದರು ಎಂದು ಅಲ್ಲಿ ಮೆಟ್ಟಿಲ ಮೇಲೆ ನಿಂತರೆ ತಿಳಿಯುತ್ತದೆ. ಇನ್ನೊಂದು. ನಮ್ಮ ಶರಾವತಿ ಕಡಲು ಸೇರುವ ಹೊನ್ನಾವರಕ್ಕೆ 14ನೇ ಶತಮಾನದಲ್ಲೇ ಮೊರಾಕ್ಕೋದಿಂದ ಇಬ್ನ್ ಬತೂತ ಎಂಬ ಯಾತ್ರಿಕ ಬಂದಿದ್ದ. ಆ ಊರಿನಲ್ಲಿ ಹೆಣ್ಣುಮಕ್ಕಳಿಗೆ 13 ಶಾಲೆ, ಗಂಡುಮಕ್ಕಳಿಗೆ 23 ಶಾಲೆ ಕಂಡೆ ಎಂದು ಬರೆದಿಟ್ಟ. ನಿಂತು ನೋಡಿದವನಿಗೆ ಮಾತ್ರ ಶಾಲೆಗಳು ಕಾಣುತ್ತವೆ. ಭಾಷೆ ತಿಳಿಯದಿದ್ದರೆ ಎಂಬ ಭಯ ಬೇಡ. ವಿಜಯಪುರದ ಕಡೆಯದೂ ಕನ್ನಡವೇ, ಅರ್ಧ ದಿನದಲ್ಲಿ ಕಿವಿ ಹೊಂದುತ್ತದೆ. ಖಟಿ ರೊಟ್ಟಿ ಮುರಿದು ಶೇಂಗಾ ಹಿಂಡಿ, ಮೊಸರು ಹಚ್ಚಿಕೊಂಡು ಊಟ ಮಾಡಿ. ‘ನಮಗೆ ಅನ್ನವೇ ಆಗಬೇಕು’ ಎಂದು ಮೂರು ದಿನ ಹೇಳಬೇಡಿ.

ಇನ್ನೇನು ಎಳ್ಳಮವಾಸ್ಯೆ ಬರುತ್ತದೆ. ಆ ದಿನ ವಿಜಯಪುರ, ಕಲಬುರಗಿಯ ಕಡೆ ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ನಿಂತ ಜೋಳದ ಬೆಳೆಗೆ ಚರಗ, ಅಂದರೆ ಭೂತಾಯಿಯ ನೈವೇದ್ಯ, ಚೆಲ್ಲಿ, ಅಲ್ಲೇ ಕೂತು ಉಣ್ಣುತ್ತಾರೆ. ದಾರಿಯಲ್ಲಿ ಹೋಗುವವರನ್ನೂ ಕರೆದು ಊಟಕ್ಕೆ ಕೂರಿಸುತ್ತಾರೆ. ಸಂಜೆಯ ಬಸ್ಸಿಗೆ ಹೊರಟರೆ ಬೆಳಗಿನ ಹೊತ್ತಿಗೆ ತಲುಪುತ್ತೀರಿ. ಒಂದು ಬಾಟಲಿ ಜೇನು, ಎರಡು ಕೊನೆ ಬಾಳೆ, ಒಂದಿಷ್ಟು ಅಪ್ಪೆಮಿಡಿ ಉಪ್ಪಿನಕಾಯಿ ತೆಗೆದುಕೊಂಡು ಹೋಗಿ. ಅವರಿಗೆ ಅದು ಬಲು ಇಷ್ಟ.

ನಮಸ್ಕಾರ.