ಗುಟ್ಟು ಗೊತ್ತಿರುವುದು ಮಗುವಿಗೆ ಮಾತ್ರ

ನಮಸ್ಕಾರ. ಇವತ್ತು ಮುರಿದುಹೋದ ಒಂದು ಮೇಜಿನಿಂದ ಮಾತು ಶುರು ಮಾಡುತ್ತೇನೆ.

ದೊಡ್ಡ ಹೆಸರಿನ ಶಾಲೆ. ಅಡ್ಮಿಷನ್ ಸಂದರ್ಶನ ನಡೆಯುತ್ತಿದೆ. ಅಪ್ಪ, ಅಮ್ಮ, ನಡುವೆ ಪುಟ್ಟ ಹುಡುಗಿ. ಎದುರಿಗೆ ಮೂವರು ಮೇಷ್ಟ್ರು. ಅವರಲ್ಲೊಬ್ಬ ಹುಡುಗಿಯನ್ನು ಕೇಳುತ್ತಾನೆ, ನಿನಗೆ ಮೊದಲಿನ ಅಮ್ಮ ಇಷ್ಟಾನಾ, ಈ ಹೊಸ ಅಮ್ಮ ಇಷ್ಟಾನಾ ಅಂತ. ಹುಡುಗಿ ಅಳುತ್ತಾಳೆ. ಆಗ ಧಡಾರ್ ಅಂತ ಸದ್ದು. ಅಪ್ಪನ ಗುದ್ದಿಗೆ ಮುಂದಿದ್ದ ಮೇಜು ಮುರಿದಿದೆ. ಕ್ಷಮಿಸಿ, ಸೊಳ್ಳೆ ಇತ್ತು ಅನ್ನುತ್ತಾನೆ. ಮಗುವಿನ ಮನಸ್ಸನ್ನು ಹಗುರವಾಗಿ ಕಾಣುವುದೇ ನಿಮ್ಮ ಶಾಲೆಯ ಪದ್ಧತಿ ಆದರೆ, ನಾವು ತಪ್ಪು ಶಾಲೆಗೆ ಬಂದಿದ್ದೇವೆ ಅಂತ ಹೇಳಿ ಎದ್ದು ಹೊರಡುತ್ತಾನೆ.

ಆ ಮನುಷ್ಯ ಅವಳ ಅಪ್ಪನೇ ಅಲ್ಲ. ಅವನೊಬ್ಬ ಬೇಹುಗಾರ. ಮಗುವಿಗೆ ಆ ಶಾಲೆಯಲ್ಲಿ ಸೀಟು ಸಿಗದಿದ್ದರೆ ಅವನ ಇಡೀ ಕೆಲಸ ಮಣ್ಣುಪಾಲು. ಎರಡು ದೇಶಗಳ ನಡುವಿನ ಶಾಂತಿ ಅದರ ಮೇಲೆ ನಿಂತಿದೆ. ಅದೆಲ್ಲ ಗೊತ್ತಿದ್ದೂ ಮೇಜು ಮುರಿದ.

ಇದು 'ಸ್ಪೈ ಫ್ಯಾಮಿಲಿ'. ಜಪಾನಿನ ತತ್ಸುಯಾ ಎಂಡೊ ಬರೆದು ಚಿತ್ರಿಸುತ್ತಿರುವ ಕಾಮಿಕ್ಸ್. 2019ರ ಮಾರ್ಚ್‌ನಲ್ಲಿ ಶುರುವಾಯಿತು, 2022ರಲ್ಲಿ ಅನಿಮೆ, ಅಂದರೆ ಜಪಾನಿ ಕಾರ್ಟೂನ್ ಸರಣಿ ಆಗಿ ಬಂತು. ಇದನ್ನು ಎಲ್ಲರೂ ತಮಾಷೆಯ ಕಥೆ ಅಂತ ನೋಡುತ್ತಾರೆ. ತಮಾಷೆ ಬೇಕಾದಷ್ಟಿದೆ, ನಿಜ. ಆದರೆ ಮಗುವನ್ನು ಸಾಕುವುದು ಅಂದರೆ ಏನು ಅನ್ನೋದನ್ನ ಇಷ್ಟು ಸರಿಯಾಗಿ ಹೇಳಿದ ಮಕ್ಕಳ ಕಥೆ ಇತ್ತೀಚೆಗೆ ನಾನು ನೋಡಿಲ್ಲ. ಯಾಕೆ ಅಂತ ಹೇಳುತ್ತೇನೆ.

ಕಥೆ ನಡೆಯುವುದು ಬರ್ಲಿಂಟ್ ಅನ್ನುವ ಊರಲ್ಲಿ. ಹೆಸರು ಕೇಳಿದರೇ ಗೊತ್ತಾಗುತ್ತೆ, ನಡುವೆ ಗೋಡೆ ಎದ್ದಿದ್ದ ಕಾಲದ ಬರ್ಲಿನ್ನಿನ ನೆರಳು. ಪೂರ್ವಕ್ಕೊಂದು ದೇಶ, ಪಶ್ಚಿಮಕ್ಕೊಂದು ದೇಶ, ನಡುವೆ ಒಳಗೊಳಗೇ ಯುದ್ಧ. ಪಶ್ಚಿಮದ ಬೇಹುಗಾರನೊಬ್ಬ ಪೂರ್ವದ ರಾಜಕಾರಣಿಯೊಬ್ಬನ ಹತ್ತಿರ ಹೋಗಬೇಕು. ಆ ರಾಜಕಾರಣಿ ಹೊರಗೆ ಕಾಣಿಸಿಕೊಳ್ಳುವುದೇ ಕಮ್ಮಿ. ಮಗ ಓದುವ ಶಾಲೆಯಲ್ಲಿ ಜಾಣ ಮಕ್ಕಳ ಅಪ್ಪ ಅಮ್ಮಂದಿರು ಸೇರುವ ಕೂಟಕ್ಕೆ ಮಾತ್ರ ಬರುತ್ತಾನೆ. ಹಾಗಾಗಿ ಬೇಹುಗಾರನಿಗೆ ಒಂದು ಮಗು ಬೇಕು, ಹೆಂಡತಿ ಬೇಕು, ಅದೂ ಕೂಡಲೇ. ಲಾಯ್ಡ್ ಫೋರ್ಜರ್ ಅಂತ ಹೆಸರಿಟ್ಟುಕೊಳ್ಳುತ್ತಾನೆ. ಫೋರ್ಜರ್ ಅಂದರೆ ಇಂಗ್ಲಿಷಿನಲ್ಲಿ ನಕಲಿ ಮಾಡುವವನು. ಅನಾಥಾಶ್ರಮದಿಂದ ಆನ್ಯಾಳನ್ನು ಕರೆತರುತ್ತಾನೆ. ಯೋರ್ ಅನ್ನುವ ಹೆಣ್ಣುಮಗಳನ್ನು ಒಪ್ಪಿಸಿ ಮದುವೆ ಆಗುತ್ತಾನೆ. ಅವಳು ಹಗಲು ನಗರಸಭೆಯ ನೌಕರಳು, ರಾತ್ರಿ ಬಾಡಿಗೆ ಕೊಲೆಗಾರ್ತಿ. ಗಂಡನಿಗೆ ಹೆಂಡತಿಯ ಗುಟ್ಟು ಗೊತ್ತಿಲ್ಲ, ಹೆಂಡತಿಗೆ ಗಂಡನದು ಗೊತ್ತಿಲ್ಲ.

ಮಗುವಿಗೆ ಇಬ್ಬರದ್ದೂ ಗೊತ್ತು. ಆನ್ಯಾಗೆ ಬೇರೆಯವರ ಮನಸ್ಸಿನ ಮಾತು ಕೇಳಿಸುತ್ತದೆ.

ಇಲ್ಲಿ ಸ್ವಲ್ಪ ನಿಲ್ಲೋಣ. ನಿಜ ಜೀವನದಲ್ಲಿ ಇದು ಹೇಗಿರುತ್ತೆ? 2024ರ ಆಗಸ್ಟ್ 1ರಂದು ರಷ್ಯಾ ಮತ್ತು ಪಶ್ಚಿಮದ ದೇಶಗಳು ಕೈದಿಗಳನ್ನು ಅದಲುಬದಲು ಮಾಡಿಕೊಂಡವು. ಮಾಸ್ಕೋದಲ್ಲಿ ಇಳಿದವರಲ್ಲಿ ದುಲ್ತ್ಸೆವ್ ದಂಪತಿ ಇದ್ದರು, ಜೊತೆಗೆ ಇಬ್ಬರು ಮಕ್ಕಳು. ಆ ದಂಪತಿ ಸ್ಲೊವೇನಿಯಾದಲ್ಲಿ ಅರ್ಜೆಂಟೀನಾದವರ ವೇಷದಲ್ಲಿ ಇದ್ದ ರಷ್ಯಾದ ಬೇಹುಗಾರರು. ಹೆಂಡತಿ ಆರ್ಟ್ ಗ್ಯಾಲರಿ ನಡೆಸುತ್ತಿದ್ದಳು. ಮನೆಯಲ್ಲಿ ಸ್ಪ್ಯಾನಿಷ್ ಮಾತು. ತಾವು ರಷ್ಯಾದವರು ಅನ್ನುವುದು ಮಕ್ಕಳಿಗೆ ಗೊತ್ತಾಗಿದ್ದೇ ಆ ವಿಮಾನ ಹಾರಿದ ಮೇಲೆ ಅಂತ ಕ್ರೆಮ್ಲಿನ್ ವಕ್ತಾರರು ಹೇಳಿದರು. ಪುಟಿನ್ ಆ ಮಕ್ಕಳ ಜೊತೆ ಸ್ಪ್ಯಾನಿಷ್‌ನಲ್ಲೇ ಮಾತಾಡಿದರು, ಬ್ವೇನಾಸ್ ನೋಚೆಸ್ ಅಂತ. ಆ ವಿಡಿಯೋ ನೋಡಿದಾಗ ಹೊಟ್ಟೆಯಲ್ಲಿ ಸಂಕಟ ಆಯಿತು. ಅಪ್ಪ, ಅಮ್ಮ, ಮನೆಭಾಷೆ, ಊರು, ಎಲ್ಲವೂ ಒಂದೇ ಪ್ರಯಾಣದಲ್ಲಿ ಬೇರೆ ಆಗಿಬಿಟ್ಟವು. ಆ ಮಕ್ಕಳನ್ನು ಒಂದು ಮಾತು ಕೇಳಿದವರಿಲ್ಲ.

ಎಂಡೊ ಇದನ್ನು ತಲೆಕೆಳಗು ಮಾಡಿದ್ದಾರೆ. ಅವರ ಕಥೆಯಲ್ಲಿ ಮೋಸ ಹೋಗುವವರು ದೊಡ್ಡವರು. ಎಲ್ಲ ತಿಳಿದಿರುವುದು ಮಗುವಿಗೆ. ತಿಳಿದೂ ಅವಳು ಬಾಯಿ ಬಿಡುವುದಿಲ್ಲ. ಅಪ್ಪ ಬೇಹುಗಾರ ಅಂದರೆ ಅವಳಿಗೆ ಖುಷಿ ಇದೆ, ಟಿವಿಯಲ್ಲಿ ಅವಳು ನೋಡುವುದೇ ಅಂಥ ಕಾರ್ಟೂನು. ಆದರೆ ಖುಷಿಯ ಕೆಳಗೆ ಭಯವೂ ಇದೆ. ಮುಂಚೆ ಕರೆದುಕೊಂಡು ಹೋದವರು ವಾಪಸ್ ಕಳಿಸಿದ್ದಾರೆ. ತನ್ನ ಶಕ್ತಿ ಹೊರಗೆ ಬಿದ್ದರೆ ಈ ಮನೆಯೂ ಹೋಗುತ್ತೆ ಅಂತ ಅವಳಿಗೆ ಅನಿಸುತ್ತದೆ. ಅದಕ್ಕೇ ಸುಮ್ನೆ ಇರುತ್ತಾಳೆ. ಸುಮ್ನೆ ಅಂದರೆ ಕೈಕಟ್ಟಿ ಕೂತಿಲ್ಲ. ಶಾಲೆಯಲ್ಲಿ ಎಂಟು 'ಸ್ಟೆಲ್ಲಾ' ನಕ್ಷತ್ರ ಗಳಿಸಿದರೆ ಅಪ್ಪನ ಕೆಲಸ ಆಗುತ್ತೆ ಅಂತ ಪಾಪ ಒದ್ದಾಡುತ್ತಾಳೆ. ಓದು ತಲೆಗೆ ಹತ್ತುವುದಿಲ್ಲ. ಯಾರ ಜೊತೆ ಸ್ನೇಹ ಬೆಳೆಸಬೇಕಿತ್ತೋ ಆ ರಾಜಕಾರಣಿಯ ಮಗನಿಗೇ ಮೊದಲ ದಿನ ಮುಖಕ್ಕೆ ಗುದ್ದುತ್ತಾಳೆ. ಆದರೂ ಮಾರನೇ ದಿನ ಕ್ಷಮೆ ಕೇಳಲು ಹೋಗುತ್ತಾಳೆ.

ಲಾಯ್ಡ್ ಏನು ಅಂದುಕೊಂಡಿದ್ದಾನೆ? ಈ ಮಗುವನ್ನು ನಾನು ನೋಡಿಕೊಳ್ಳುತ್ತಿದ್ದೇನೆ ಅಂತ. ಅವಳೂ ಅವನನ್ನು ನೋಡಿಕೊಳ್ಳುತ್ತಿದ್ದಾಳೆ ಅನ್ನೋದು ಅವನಿಗೆ ಕಾಣುವುದೇ ಇಲ್ಲ. ನನ್ನನ್ನು ಹಿಡಿದಿದ್ದು ಇದು.

ಯಾಕೆ ಹಿಡಿಯಿತು ಅಂದರೆ, ನಮ್ಮ ಮನೆಯಲ್ಲಿ ಹೀಗೇ ನಡೆದಿದೆ. ಅಕ್ಕ ಕೆಲಸಕ್ಕೆ ಹೋಗುತ್ತಾಳೆ, ಅವಳ ಮಗಳನ್ನು ನೋಡಿಕೊಳ್ಳುವುದು ನಮ್ಮಮ್ಮ. ಹೋದ ವರ್ಷ ಅಮ್ಮನಿಗೆ ಸಕ್ಕರೆ ಜಾಸ್ತಿ ಆಗಿ ಡಾಕ್ಟರು ಇನ್ಸುಲಿನ್ ಶುರು ಮಾಡಿದ್ದರು. ಅಮ್ಮ ನಮಗೆ ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಮಗುವನ್ನು ಡೇಕೇರ್‌ಗೆ ಹಾಕಿಬಿಡುತ್ತಾರೆ ಅಂತ. ಇಂಜೆಕ್ಷನ್ ಪೆನ್ನು ಫ್ರಿಜ್ಜಿನಲ್ಲಿ ಕರಿಬೇವಿನ ಡಬ್ಬದೊಳಗೆ ಇರುತ್ತಿತ್ತು, ಸೊಪ್ಪಿನ ಕೆಳಗೆ. ಮೂರು ತಿಂಗಳ ಮೇಲೆ ಒಗ್ಗರಣೆಗೆ ಅಂತ ನಾನು ಡಬ್ಬ ತೆಗೆದಾಗ ಸಿಕ್ಕಿತು. ಎಲ್ಲರೂ ಗಾಬರಿ. ಎಂಟು ವರ್ಷದ ಮಗು ಮಾತ್ರ ಆರಾಮಾಗಿ ಕೂತಿತ್ತು.

"ನಂಗೆ ಗೊತ್ತಿತ್ತು ಮಾಮ. ಅಜ್ಜಿ ಚುಚ್ಕೊಳ್ವಾಗ ಯಾರಾದ್ರೂ ಬಂದ್ರೆ ಅಂತ ನಾನು ಅಡುಗೆಮನೆ ಬಾಗಿಲಲ್ಲಿ ನಿಂತ್ಕೋತಿದ್ದೆ."

ಅಜ್ಜಿಗೂ ಗೊತ್ತಿರಲಿಲ್ಲ, ಅವಳು ಯಾಕೆ ಅಲ್ಲಿ ನಿಲ್ಲುತ್ತಾಳೆ ಅಂತ. ಇಷ್ಟಕ್ಕೆ ಮನಸ್ಸು ಓದುವ ಶಕ್ತಿ ಏನೂ ಬೇಕಾಗಿರಲಿಲ್ಲ.

ಈಗ ನನ್ನ ಗೆಳೆಯರ ಆಕ್ಷೇಪಕ್ಕೆ ಬರುತ್ತೇನೆ. ಕೊಲೆ, ಬಂದೂಕು, ಅಪ್ಪ ಅಮ್ಮ ಇಬ್ಬರೂ ಸುಳ್ಳು, ಇದನ್ನು ಮಕ್ಕಳಿಗೆ ತೋರಿಸೋದಾ ಅನ್ನುತ್ತಾರೆ. ರಕ್ತದ ಮಾತು ನಾನೂ ಒಪ್ಪುತ್ತೇನೆ. ಯೋರ್‌ಳ ರಾತ್ರಿ ಕೆಲಸದ ದೃಶ್ಯಗಳು, ಗುಪ್ತ ಪೊಲೀಸರ ವಿಚಾರಣೆ ದೃಶ್ಯಗಳು ತೀರಾ ಚಿಕ್ಕ ಮಕ್ಕಳಿಗಲ್ಲ. ನಾವು ಅವನ್ನು ದಾಟಿಸಿಕೊಂಡೇ ನೋಡಿದ್ದು. ಆದರೆ ಸುಳ್ಳಿನ ಮಾತು ಒಪ್ಪಲಾರೆ. ಈ ಕಥೆಯಲ್ಲಿ ಸುಳ್ಳು ಹೇಳಿದವನಿಗೆ ನೆಮ್ಮದಿ ಇಲ್ಲ. ಲಾಯ್ಡ್ ಯುದ್ಧದಲ್ಲಿ ಅನಾಥನಾದ ಹುಡುಗ. ಮಕ್ಕಳು ಅಳದ ಜಗತ್ತು ಬರಲಿ ಅಂತ ತನ್ನ ಹೆಸರು, ಗುರುತು ಎಲ್ಲ ಬಿಟ್ಟವನು. ಅವನ ಸುಳ್ಳಿಗೆ ಅವನೇ ಬೆಲೆ ತೆರುತ್ತಿರುತ್ತಾನೆ. ಮಗುವಿನ ಸಂಗತಿ ಬಂದಾಗ ಮಾತ್ರ ಅವನ ಲೆಕ್ಕ ಪದೇಪದೇ ತಪ್ಪುತ್ತದೆ.

ಕೋಟೆಯ ಪ್ರಸಂಗವನ್ನೇ ನೋಡಿ. ಸೀಟು ಸಿಕ್ಕ ಖುಷಿಗೆ ಏನು ಬೇಕು ಅಂದರೆ, ಕೋಟೆಯಲ್ಲಿ ನನ್ನನ್ನು ಬಿಡಿಸುವ ಆಟ ಆಡಬೇಕು ಅನ್ನುತ್ತಾಳೆ ಆನ್ಯಾ. ಲಾಯ್ಡ್ ನಿಜವಾದ ಕೋಟೆಯನ್ನೇ ಬಾಡಿಗೆಗೆ ಹಿಡಿಯುತ್ತಾನೆ. ಅವನ ಸಂಸ್ಥೆಯ ಬೇಹುಗಾರರು ವೇಷ ಹಾಕಿಕೊಂಡು ಬಂದು ಸೈನಿಕರಾಗುತ್ತಾರೆ. ಕೆಲಸಕ್ಕಾಗಿ ಮಾಡುತ್ತಿದ್ದೇನೆ ಅಂತ ಅವನು ತನಗೆ ತಾನೇ ಹೇಳಿಕೊಳ್ಳುತ್ತಾನೆ. ಅವನ ಮುಖ ನೋಡಿದರೆ ನಮಗೆ ಬೇರೆಯೇ ಕಾಣುತ್ತೆ, ಅಲ್ವಾ?

ನಾನು ಇದನ್ನು ಅಕ್ಕನ ಮಗಳಿಗೆ ಓದಿ ಹೇಳುವುದು ಕನ್ನಡದಲ್ಲಿ. ಇಂಗ್ಲಿಷ್ ಪುಸ್ತಕ ಮುಂದಿಟ್ಟುಕೊಂಡು, ಚಿತ್ರಗಳೊಳಗಿನ ಮಾತಿನ ಬಲೂನುಗಳ ಮೇಲೆ ಬೆರಳಿಟ್ಟು, ಅಲ್ಲೇ ಕನ್ನಡ ಮಾಡುತ್ತಾ ಹೋಗುತ್ತೇನೆ. ಲಾಯ್ಡ್ ಮೇಷ್ಟ್ರ ಹತ್ತಿರ 'ತಾವು' ಅನ್ನುತ್ತಾನೆ. ಆನ್ಯಾ ಎಲ್ಲರಿಗೂ 'ನೀನು' ಅನ್ನುತ್ತಾಳೆ, ಅವಳಿಗೆ ಸರಿಹೊಂದುವುದೇ ಅದು. ಕಷ್ಟ ಆಗಿದ್ದು ಒಂದೇ ಪದ. ಏನೋ ಆಗಲಿದೆ ಅನ್ನುವಾಗ ಆನ್ಯಾ ಕಣ್ಣರಳಿಸಿ 'ವಾಕು ವಾಕು' ಅನ್ನುತ್ತಾಳೆ. ಜಪಾನಿ ಭಾಷೆಯಲ್ಲಿ ಖುಷಿಯಿಂದ ಎದೆ ಕುಣಿಯುವುದಕ್ಕೆ ಆ ಪದ. ನಮ್ಮಲ್ಲಿ ಢವಢವ ಇದೆ, ಅದರಲ್ಲಿ ಭಯ ಜಾಸ್ತಿ. ಜುಮ್ ಇದೆ, ಅದು ಮೈಗೆ. ಬಳಬಳ ಇದೆ, ಅದು ಕಣ್ಣೀರಿಗೆ.

ಮೂರು ಪುಟ ಆದ ಮೇಲೆ ಮಗುವೇ ಹೇಳಿತು, "ಕುಣಿಕುಣಿ ಅನ್ನು ಮಾಮ."

ಅವತ್ತಿನಿಂದ ನಮ್ಮ ಆನ್ಯಾ 'ಕುಣಿಕುಣಿ' ಅನ್ನುತ್ತಾಳೆ. ಅಡುಗೆಮನೆಯಿಂದ ಅಜ್ಜಿಯೂ ಕೂಗಿ ಕೇಳುತ್ತಾರೆ, ಏನಂತೆ, ಆ ಹುಡುಗಿಗೆ ಎಷ್ಟು ನಕ್ಷತ್ರ ಬಂತಂತೆ?